ಕಾರು ನಿಂತೇ ಇದ್ದರೆ ವಿಮೆ ಬೇಡವೇ?

ಮಗಳ ಬಾಣಂತನಕ್ಕೆಂದು ಅಪ್ಪ-ಅಮ್ಮ ಆರು ತಿಂಗಳು ಅಮೆರಿಕಕ್ಕೆ ಹೋಗುತ್ತಾರೆ. ಕಾರು ಘತ್ತರಗಿಯ ಮನೆ ಮುಂದೆ ತಾಡಪತ್ರಿ ಹೊದ್ದು ನಿಲ್ಲುತ್ತದೆ. ‘ಗಾಡಿ ಓಡೋದೇ ಇಲ್ಲ, ವಿಮೆ ಯಾಕೆ? ಬಂದಮೇಲೆ ಕಟ್ಟಿದರಾಯಿತು’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ಅರ್ಧ ಮಾತ್ರ ಸರಿ.

ಕ್ಲೈಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿಯೇ ನೋ ಕ್ಲೈಮ್ ಬೋನಸ್. ಅದು 20, 25, 35, 45, ಕೊನೆಗೆ ಶೇ. 50ರವರೆಗೆ ಏರುತ್ತದೆ. ಸಿಗುವುದು ಸ್ವಂತ ಗಾಡಿಯ ಹಾನಿಗೆ ಕಟ್ಟುವ ಕಂತಿನ ಮೇಲೆ ಮಾತ್ರ, ಥರ್ಡ್ ಪಾರ್ಟಿ ಕಂತಿನ ಮೇಲಲ್ಲ. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಗಳಿಸಿದ ಬೋನಸ್ಸೆಲ್ಲ ಹೋಗುತ್ತದೆ. ಆರು ತಿಂಗಳ ಪ್ರವಾಸದ ಎರಡನೇ ತಿಂಗಳಲ್ಲಿ ಪಾಲಿಸಿ ಮುಗಿದರೆ, ಊರಿಗೆ ಬರುವಷ್ಟರಲ್ಲಿ ಗಡುವು ದಾಟಿರುತ್ತದೆ. ಆನ್‌ಲೈನ್‌ನಲ್ಲಿ ಅಲ್ಲಿಂದಲೇ ಕಟ್ಟಬಹುದು. ಒಟಿಪಿ ಬರುವ ಸಿಮ್ ಚಾಲೂ ಇರಲಿ, ಅಷ್ಟೆ.

ಹೋಗುವುದು ಎರಡು ವರ್ಷಕ್ಕಾದರೆ ಲೆಕ್ಕವೇ ಬೇರೆ. ಹಾನಿ ವಿಮೆಯ ಪೂರ್ತಿ ಕಂತು 10,000 ರೂ. ಎನ್ನೋಣ. ಶೇ. 50 ಬೋನಸ್ ಕಳೆದುಕೊಂಡವರು ಮತ್ತೆ ಆ ಮಟ್ಟಕ್ಕೆ ಏರುವ ಐದು ವರ್ಷಗಳಲ್ಲಿ 5,000, 3,000, 2,500, 1,500, 500, ಹೀಗೆ ಒಟ್ಟು 12,500 ರೂ. ಹೆಚ್ಚು ತೆರುತ್ತಾರೆ. ಬೋನಸ್ ಉಳಿಸಲು ಎರಡು ವರ್ಷ ಕಟ್ಟುವುದು 10,000 ರೂ.; ಅದರ ಮೇಲೆ ಥರ್ಡ್ ಪಾರ್ಟಿ ಕಂತು, ತೆರಿಗೆ ಬೇರೆ. ಬರೀ ರಿಯಾಯಿತಿಗಾಗಿ ಕಟ್ಟುವುದು ನಷ್ಟವೇ ಎನ್ನಬೇಕು.

ಆದರೆ ನಿಂತ ಕಾರಿಗೂ ಅಪಾಯವಿದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಅಫಜಲಪುರ ತಾಲೂಕಿನ ದಂಡೆಯ ಊರುಗಳಿಗೆ ನೀರು ನುಗ್ಗಿದ್ದು ನಮಗೆಲ್ಲ ನೆನಪಿದೆ. ಪ್ರವಾಹ, ಬೆಂಕಿ, ಕಳವಿಗೆ ಪರಿಹಾರ ಕೊಡುವುದು ಇದೇ ಹಾನಿ ವಿಮೆ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ಬಿಡಿಗಾಸೂ ಇಲ್ಲ. ನದಿ ಪಕ್ಕದ ಮನೆಯವರು ಕಟ್ಟುವುದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಕ್ಲೈಮ್ ಮಾಡಿದರೆ ಬೋನಸ್ ಸೊನ್ನೆಗೆ ಇಳಿಯುತ್ತದೆ, ನಿಜ. ಆದರೆ ಎಂಜಿನ್ನಿಗೆ ನೀರು ಹೊಕ್ಕ ಕಾರಿನ ರಿಪೇರಿ 12,500 ರೂಪಾಯಿಯಲ್ಲಿ ಮುಗಿಯುವುದಿಲ್ಲ. ಇನ್ನು, ‘ಅಳಿಯ ಒಂದು ಸುತ್ತು ಓಡಿಸ್ತಾನೆ’ ಎನ್ನುವವರಿಗೆ ಒಂದು ಮಾತು: ವಿಮೆ ಇಲ್ಲದ ಗಾಡಿ ರಸ್ತೆಗಿಳಿದರೆ ಮೊದಲ ಸಲವೇ 2,000 ರೂ. ದಂಡ.

ಕಾರು ಮಾರಿಯೇ ಹೋಗುವವರಿಗೆ ಹಲವರಿಗೆ ತಿಳಿಯದ ದಾರಿಯೊಂದಿದೆ. ಬೋನಸ್ ಗಾಡಿಯದ್ದಲ್ಲ, ಮಾಲೀಕನದ್ದು. ಕೊಂಡವನಿಗೆ ಅದು ಹೋಗುವುದಿಲ್ಲ. ಮಾರಿದ ದಾಖಲೆ ಕೊಟ್ಟು ಕಂಪನಿಯಿಂದ ಬೋನಸ್ ಕಾಯ್ದಿರಿಸಿದ ಪತ್ರ ಪಡೆದರೆ, 3 ವರ್ಷದೊಳಗೆ ಕೊಳ್ಳುವ ಹೊಸ ಕಾರಿಗೆ ಅದೇ ರಿಯಾಯಿತಿ ಸಿಗುತ್ತದೆ. ಹೊರದೇಶದಲ್ಲಿ ಸ್ವಂತ ಕಾರು ಇಟ್ಟುಕೊಂಡವರು ಅಲ್ಲಿನ ವಿಮಾ ಕಂಪನಿಯಿಂದಲೂ ‘ಕ್ಲೈಮ್ ಇಲ್ಲ’ ಎಂಬ ಪತ್ರ ಬರೆಸಿಕೊಂಡು ಬನ್ನಿ.