ಗುತ್ತೇದಾರರ ಮನೆಯ ಮಾರ್ಚ್

ಗುತ್ತೇದಾರರ ಮನೆಯಲ್ಲಿ ಮಾರ್ಚ್ ಬಂತೆಂದರೆ ರೊಟ್ಟಿ ಬಡಿಯೋ ಸದ್ದಿಗಿಂತ ಫೋನಿನ ಸದ್ದೇ ಜೋರು, ಅಕ್ಕಂದಿರೇ. ಸಿಂಧನೂರಿನ ಎಡದಂಡೆ ಕಾಲುವೆ ಇರಲಿ, ಮಸ್ಕಿ, ಲಿಂಗಸುಗೂರಿನ ರಸ್ತೆ ಇರಲಿ, ಕೆಲಸ ಮುಗಿದರೂ ಬಿಲ್ಲು ಆಗೋದಿಲ್ಲ. 31 ದಾಟಿದರೆ ಮುಂದಿನ ವರ್ಷದ ಮಾತು.

ಆದ ಬಿಲ್ಲಾದರೂ ಪೂರಾ ಬರುತ್ತಾ? ಎರಡೂವರೆ ಲಕ್ಷ ದಾಟಿದ ಸರ್ಕಾರಿ ಕೆಲಸಕ್ಕೆ ನಮ್ಮವರಂಥವರಿಗೆ ಆದಾಯ ತೆರಿಗೆ ನೂರಕ್ಕೆ 1, ಜಿಎಸ್‌ಟಿ 2, ಕಾರ್ಮಿಕರ ಸೆಸ್ 1 ಮುರಿದುಕೊಂಡೇ ಕೊಡೋದು. ತೆರಿಗೆ ಆಮೇಲೆ ಜಮಾ ಸಿಗುತ್ತೆ, ಸೆಸ್ ಹೋದದ್ದೇ.

ತಿಂಗಳ 20 ಹತ್ತಿರ ಬಂದರೆ ಲೆಕ್ಕ ಬರೆಯುವ ಹುಡುಗ "ಅಕ್ಕಾರ, ಸಿಮೆಂಟಿನ ರಸೀದಿ?" ಅಂತ ಬಾಗಿಲಲ್ಲಿ ನಿಲ್ತಾನೆ. ಒಗೆಯೋ ಮುಂಚೆ ಅಂಗಿ ಜೇಬಿಂದ ತೆಗೆದು ಜೋಳದ ಡಬ್ಬಿಯಲ್ಲಿ ಇಟ್ಟವಳು ನಾನೇ ತಾನೆ!

ಗೌಂಡಿಗಳ ವಾರದ ಬಟವಾಡೆ ಮಾತ್ರ ನಿಲ್ಲಿಸೋ ಹಾಗಿಲ್ಲ, ಅವರ ಮನೆಯಲ್ಲೂ ಒಲೆ ಉರಿಯಬೇಕು. ಅದಕ್ಕೇ ನನ್ನ ಬಳೆ ಬ್ಯಾಂಕಿನಲ್ಲಿವೆ. "ಮಾರ್ಚ್‌ನಲ್ಲಿ ಬಿಡಿಸ್ತೀನಿ" ಅಂತಾರೆ ನಮ್ಮನೆಯವರು. ಯಾವ ಮಾರ್ಚ್ ಅಂತ ಕೇಳಿದರೆ ಕೈ ತೊಳೆಯೋಕೆ ಏಳ್ತಾರೆ.