ಜ್ವರಕ್ಕೊಂದು ಲೆಕ್ಕ ಇರಲಿ

ಜ್ವರ ಬಂದ ಮಗುವನ್ನು ಕರೆತರುವ ತಾಯಂದಿರಲ್ಲಿ ನಾನು ಕೇಳುವ ಮೊದಲ ಪ್ರಶ್ನೆ: ಎಷ್ಟಿತ್ತು, ಯಾವಾಗ ಇತ್ತು? "ಮೈ ಸುಡ್ತಾ ಇತ್ತು ಡಾಕ್ಟ್ರೇ" ಎಂಬುದೇ ಹೆಚ್ಚಿನವರ ಉತ್ತರ. ಹಣೆ ಮುಟ್ಟಿದ ಅಂಗೈ ಜ್ವರ ಇದೆಯೆಂದು ಹೇಳಬಹುದು. ಎಷ್ಟಿದೆ, ನಿನ್ನೆಗಿಂತ ಏರಿದೆಯೋ ಇಳಿದಿದೆಯೋ ಎಂದು ಹೇಳಲಾರದು. ಆದ್ದರಿಂದ ಪ್ರತಿ ಮನೆಯಲ್ಲೂ ಒಂದು ಡಿಜಿಟಲ್ ಥರ್ಮಾಮೀಟರ್, ಅದರ ಜೊತೆಗೊಂದು ಸಣ್ಣ ಪುಸ್ತಕ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ.

"ಯುನಾನಿಯವರಿಗೆ ನಾಡಿ ಸಾಲದೇ?" ಎಂದು ಕೆಲವರು ಕೇಳುತ್ತಾರೆ. ನಾಡಿ ಪರೀಕ್ಷೆ ನಮಗೆ ಮುಖ್ಯ, ನಿಜ. ಆದರೆ ಜ್ವರವನ್ನು ಅದರ ನಡೆಯಿಂದ ಗುರುತಿಸಲು ಕಲಿಸಿದ್ದೂ ಇದೇ ಪದ್ಧತಿ. ಇಬ್ನು ಸೀನಾರ 'ಅಲ್ ಕಾನೂನ್' ಗ್ರಂಥದ ನಾಲ್ಕನೇ ಭಾಗ ಆರಂಭವಾಗುವುದೇ ಜ್ವರಗಳ ವಿವರಣೆಯಿಂದ. ದಿನ ಬಿಟ್ಟು ದಿನ ಬರುವ ಜ್ವರಕ್ಕೆ ಯುನಾನಿಯಲ್ಲಿ ಹುಮ್ಮಾ ಗಿಬ್ಬ್ ಎಂಬ ಪ್ರತ್ಯೇಕ ಹೆಸರೇ ಇದೆ. ಲೆಕ್ಕವಿಡದೆ ಅದನ್ನು ಗುರುತಿಸುವುದು ಹೇಗೆ? ಇಟಲಿಯ ವೈದ್ಯ ಸ್ಯಾಂಟೋರಿಯೊ ಶಾಖ ಅಳೆಯುವ ತನ್ನ ಗಾಜಿನ ಉಪಕರಣವನ್ನು 1625ರಲ್ಲಿ ಚಿತ್ರ ಸಹಿತ ವಿವರಿಸಿದ್ದು ಇದೇ 'ಕಾನೂನ್'ಗೆ ಬರೆದ ವ್ಯಾಖ್ಯಾನದಲ್ಲಿ. ಥರ್ಮಾಮೀಟರ್ ನಮಗೆ ಹೊರಗಿನದ್ದಲ್ಲ.

ಅಳೆದರೆ ಸಾಲದು, ಬರೆದಿಡಬೇಕು. ಹೆಚ್ಚಿನ ಥರ್ಮಾಮೀಟರ್‌ಗಳು ಹಿಂದಿನ ಒಂದು ಅಳತೆಯನ್ನಷ್ಟೇ ನೆನಪಿಡುತ್ತವೆ. ದಿನಾಂಕ, ಗಂಟೆ, ಬಾಯಿಯಲ್ಲೋ ಕಂಕುಳಲ್ಲೋ, ಎಷ್ಟು ಡಿಗ್ರಿ, ಯಾವ ಔಷಧಿ ಎಷ್ಟು ಹೊತ್ತಿಗೆ ಕೊಟ್ಟದ್ದು - ಇಷ್ಟು ಬರೆದರೆ ಸಾಕು. ಹಗಲು ತಾಯಿ, ರಾತ್ರಿ ಅಜ್ಜಿ ನೋಡಿಕೊಳ್ಳುವ ಮನೆಗಳಲ್ಲಿ ಒಂದೇ ಔಷಧಿಯನ್ನು ತಿಳಿಯದೆ ಎರಡು ಬಾರಿ ಕುಡಿಸುವ ಅಪಾಯವೂ ಇದರಿಂದ ತಪ್ಪುತ್ತದೆ.

ಮಳೆಗಾಲದಲ್ಲಿ ಈ ಲೆಕ್ಕಕ್ಕೆ ಇನ್ನೂ ಹೆಚ್ಚಿನ ಬೆಲೆಯಿದೆ. ಡೆಂಗಿ ಜ್ವರ ಸಾಮಾನ್ಯವಾಗಿ ಮೂರರಿಂದ ಏಳು ದಿನಗಳೊಳಗೆ ಇಳಿಯುತ್ತದೆ. "ಅಲ್‌ಹಮ್ದುಲಿಲ್ಲಾಹ್, ಗುಣವಾಯಿತು" ಎಂದು ಮನೆಯವರು ನಿರಾಳರಾಗುತ್ತಾರೆ. ಆದರೆ ಕೆಲವರಲ್ಲಿ ರೋಗ ಉಲ್ಬಣಿಸುವುದು ಜ್ವರ ಇಳಿದ ನಂತರದ ಒಂದೆರಡು ದಿನಗಳಲ್ಲೇ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತ, ವಿಪರೀತ ಸುಸ್ತು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಇಂದು ಎಷ್ಟನೇ ದಿನ, ಜ್ವರ ಬಿಟ್ಟದ್ದು ಯಾವಾಗ ಎಂದು ವೈದ್ಯರಿಗೆ ಹೇಳಲು ನಿಮ್ಮ ಪುಸ್ತಕ ನೆರವಾಗುತ್ತದೆ.

ಮೂರು ತಿಂಗಳು ತುಂಬದ ಹಸುಗೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮನೆಮದ್ದು ಬೇಡ, ಕಾಯುವುದೂ ಬೇಡ. ಆ ಕ್ಷಣವೇ ಮಕ್ಕಳ ವೈದ್ಯರಿಗೆ ತೋರಿಸಿ. ಇದು ಯುನಾನಿ ವೈದ್ಯನಾಗಿಯೇ ನಾನು ಹೇಳುವ ಮಾತು.

ಅಳೆಯುವಾಗ ಕಂಕುಳನ್ನು ಒರೆಸಿ, ಥರ್ಮಾಮೀಟರಿನ ತುದಿ ಚರ್ಮಕ್ಕೆ ತಾಗುವಂತಿಟ್ಟು, ಬೀಪ್ ಕೇಳುವವರೆಗೆ ತೋಳನ್ನು ಒತ್ತಿ ಹಿಡಿಯಿರಿ. ಕಂಕುಳಿನ ಅಳತೆ ಬಾಯಿಯದ್ದಕ್ಕಿಂತ ತುಸು ಕಡಿಮೆ ಇರುತ್ತದೆ. ಆದ್ದರಿಂದ ಪ್ರತಿ ಸಲವೂ ಒಂದೇ ಜಾಗದಲ್ಲಿ ಅಳೆಯಿರಿ. ಬಿಸಿ ಚಹಾ ಕುಡಿದಿದ್ದರೆ ಕಾಲು ಗಂಟೆ ಬಿಟ್ಟು ಬಾಯಿಯಲ್ಲಿಡಿ. ಬಳಸಿದ ಮೇಲೆ ತುದಿಯನ್ನು ಸಾಬೂನು ನೀರಿನಿಂದ ಸ್ವಚ್ಛಗೊಳಿಸಿ. ಹಳೆಯ ಪಾದರಸದ ಥರ್ಮಾಮೀಟರ್ ಮಕ್ಕಳ ಕೈಗೆ ಬೇಡ. ಅದು ಒಡೆದರೆ ಪಾದರಸದ ಆವಿ ವಿಷ.

ಶಿಫಾ ನೀಡುವವನು ಅಲ್ಲಾಹನು. ರೋಗಿಯ ಬಳಿ ಕುಳಿತು ಎಚ್ಚರದಿಂದ ನೋಡುವ ಹೊಣೆ ನಮ್ಮದು. ಮುಂದಿನ ಸಲ ಜ್ವರವೆಂದು ವೈದ್ಯರಲ್ಲಿಗೆ ಹೊರಟಾಗ, ಔಷಧಿ ಚೀಟಿಯ ಜೊತೆ ಆ ಪುಸ್ತಕವನ್ನೂ ಚೀಲಕ್ಕೆ ಹಾಕಿಕೊಳ್ಳಿ.