ಮೂರ್ಛೆರೋಗಿಗೆ ಮಸೀದಿಯಿಂದ ಏನು ಸಿಗಬೇಕು?

ಕೆಲವು ವರ್ಷಗಳ ಹಿಂದೆ ಮದ್ರಸದಲ್ಲಿ ಪಾಠ ನಡೆಯುತ್ತಿದ್ದಾಗ ಹನ್ನೊಂದು ವರ್ಷದ ಬಾಲಕನೊಬ್ಬ ಕುಳಿತಲ್ಲೇ ಉರುಳಿಬಿದ್ದ. ಕೈಕಾಲು ಸೆಟೆದು ಅದುರತೊಡಗಿದವು, ಬಾಯಲ್ಲಿ ನೊರೆ ಬಂತು. ಉಸ್ತಾದನಾದ ನಾನು ಮಾಡಿದ್ದೇನು? ಬೀಗದ ಕೈಗೊಂಚಲನ್ನು ಅವನ ಮುಷ್ಟಿಗೆ ತುರುಕಿದೆ. ಹಲ್ಲುಗಳ ನಡುವೆ ಚಮಚ ಇಡಲು ಯತ್ನಿಸಿದೆ. ಎರಡು ನಿಮಿಷದಲ್ಲಿ ತಾನಾಗಿಯೇ ನಿಂತ ಸೆಳೆತವನ್ನು ಕಬ್ಬಿಣದ ಮಹಿಮೆಯೆಂದೇ ಭಾವಿಸಿದೆ. ಸಂಜೆ ಅವನ ತಂದೆ ಬಂದು ತಗ್ಗಿದ ದನಿಯಲ್ಲಿ ಕೇಳಿಕೊಂಡರು: "ಉಸ್ತಾದರೇ, ಜಮಾಅತಿನವರಿಗೆ ತಿಳಿಯಬಾರದು. ಇವನಿಗೆ ಇಬ್ಬರು ಅಕ್ಕಂದಿರಿದ್ದಾರೆ."

ಆ ತಂದೆಯನ್ನು ನಾನು ದೂರಲಾರೆ. ಮೂರ್ಛೆರೋಗವೆಂದರೆ ಜಿನ್ನ್ ಬಾಧೆ, ಮನೆತನಕ್ಕೆ ಕಳಂಕ ಎಂಬುದನ್ನು ಅವರು ನಮ್ಮಂಥವರ ಬಾಯಿಂದಲೇ ಕೇಳಿರಬೇಕು.

ಆದರೆ ಸಹೀಹ್ ಬುಖಾರಿಯ ಹದೀಸೊಂದರಲ್ಲಿ ಇಬ್ನು ಅಬ್ಬಾಸ್(ರ) ಸ್ವರ್ಗವಾಸಿಯೆಂದು ತೋರಿಸಿಕೊಟ್ಟ ಮಹಿಳೆಗೆ ಇದ್ದುದೂ ಮೂರ್ಛೆಯೇ. ತಾನು ಮೂರ್ಛೆ ಬೀಳುತ್ತೇನೆ, ಆಗ ಮೈಮೇಲಿನ ವಸ್ತ್ರ ಸರಿಯುತ್ತದೆ ಎಂದು ಆಕೆ ಪ್ರವಾದಿ(ಸ)ರಲ್ಲಿ ನೇರವಾಗಿ ಹೇಳಿಕೊಂಡರು. ಸಹನೆಯೋ, ಗುಣಕ್ಕಾಗಿ ಪ್ರಾರ್ಥನೆಯೋ ಎಂಬ ಆಯ್ಕೆಯನ್ನು ಪ್ರವಾದಿ(ಸ)ರು ಆಕೆಗೇ ಬಿಟ್ಟರು. ಆಕೆ ಸಹನೆಯನ್ನು ಆರಿಸಿಕೊಂಡು, ವಸ್ತ್ರ ಸರಿಯದಿರಲೆಂದು ಮಾತ್ರ ಪ್ರಾರ್ಥಿಸಲು ಕೋರಿದರು. ಅವರು ಪ್ರಾರ್ಥಿಸಿದರು. ಆಕೆಯ ಮಾನದ ಚಿಂತೆಗೆ ಅಲ್ಲಿ ದೊರೆತ ಬೆಲೆಯನ್ನು ಗಮನಿಸಿ. ಈ ಹದೀಸನ್ನೇ ಹಿಡಿದು ಔಷಧ ಬೇಡವೆನ್ನುವವರಿದ್ದಾರೆ. ಚಿಕಿತ್ಸೆ ಪಡೆಯಲು ಆದೇಶಿಸಿದವರೂ ಅದೇ ಪ್ರವಾದಿ(ಸ)ರಲ್ಲವೇ?

ಇದು ಮೆದುಳಿನ ವಿದ್ಯುತ್ ಚಟುವಟಿಕೆ ಆಗಾಗ ಏರುಪೇರಾಗುವ ರೋಗ, ಅಂಟುವಂಥದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ರೋಗವಿದೆ. ಸರಿಯಾದ ಚಿಕಿತ್ಸೆ ದೊರೆತರೆ ಶೇ. 70ರಷ್ಟು ಮಂದಿ ಸೆಳೆತವಿಲ್ಲದೆ ಬದುಕಬಲ್ಲರು. ನಾನು ಕಂಡಂತೆ ಚಿಕಿತ್ಸೆ ಕೆಡುವುದು ಮಾತ್ರೆಯನ್ನು ನಡುವೆ ಬಿಡುವುದರಿಂದ. ತಾಯಿತ ಕಟ್ಟಿದ ದಿನ ಬಿಡುತ್ತಾರೆ, ನಿಕಾಹ್ ನಿಶ್ಚಯವಾದಾಗ ಅತ್ತೆಮನೆಗೆ ಅಂಜಿ ಬಿಡುತ್ತಾರೆ, ರಮಝಾನ್ ಬಂದಾಗ ವೈದ್ಯರನ್ನು ಕೇಳದೆ ಬಿಡುತ್ತಾರೆ. ತಪ್ಪಿದ ಮಾತ್ರೆ, ಕೆಟ್ಟ ನಿದ್ರೆ ಎರಡೂ ಸೆಳೆತವನ್ನು ಕರೆತರುತ್ತವೆ. ರೋಗಿಗೆ ಉಪವಾಸದ ರಿಯಾಯಿತಿಯನ್ನು ಕುರ್‌ಆನ್ ಅಲ್ ಬಕರ ಅಧ್ಯಾಯದಲ್ಲೇ ನೀಡಿರುವಾಗ ಈ ಹಠ ಯಾಕೆ? ಮೊದಲು ವೈದ್ಯರನ್ನು ಕೇಳಲಿ, ಆಮೇಲೆ ಉಸ್ತಾದರನ್ನು. (1999ರಲ್ಲಿ ವಿಶೇಷ ವಿವಾಹ ಕಾಯ್ದೆ, ಹಿಂದೂ ವಿವಾಹ ಕಾಯ್ದೆಗಳಿಂದಲೂ ಅಪಸ್ಮಾರವೆಂಬ ಅಡ್ಡಿಯನ್ನು ತೆಗೆದುಹಾಕಲಾಯಿತು. ನಮ್ಮ ಮದುವೆ ಮಾತುಕತೆಗಳಲ್ಲಿ ಅದು ಇನ್ನೂ ಉಳಿದಿದೆ.)

ಅಂದು ನಾನು ಆ ತಂದೆಗೆ ಕೊಟ್ಟದ್ದು ಓದಿ ಊದಿದ ನೀರು. ಪ್ರಾರ್ಥನೆ ತಪ್ಪಲ್ಲ, ಅದರ ಜೊತೆಗೆ ಒಂದು ವಿಳಾಸವನ್ನೂ ಕೊಡಬೇಕಿತ್ತು. ಬೆಂಗಳೂರಿನ ನಿಮ್ಹಾನ್ಸ್ ಇದೆ. ಅಷ್ಟು ದೂರ ಹೋಗಲಾಗದವರು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಬಹುದು. ನಮ್ಮ ಮಸೀದಿಯ ಸೂಚನಾ ಫಲಕದಲ್ಲಿ ನಮಾಝಿನ ವೇಳಾಪಟ್ಟಿಯ ಪಕ್ಕ ಈ ವಿವರಗಳೂ ಪ್ರಥಮ ಚಿಕಿತ್ಸೆಯ ನಾಲ್ಕು ಸಾಲುಗಳೂ ಇರಲೆಂದು ಜಮಾಅತ್ ಸಮಿತಿಗೆ ಬರೆದುಕೊಟ್ಟಿದ್ದೇನೆ: ಬಿದ್ದವರನ್ನು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ತಲೆಯಡಿ ಮೆತ್ತನೆಯದೇನಾದರೂ ಇಡಿ, ಕೈಕಾಲು ಅದುಮಬೇಡಿ, ಬಾಯಿಗೆ ಏನನ್ನೂ ಹಾಕಬೇಡಿ, ಗಡಿಯಾರ ನೋಡಿ, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ. ಉತ್ತರ ಇನ್ನೂ ಬಂದಿಲ್ಲ.